ಗೋಡೆಯ ಮೇಲಿನ ಇಂಜಿನಿಯರ್

ಗುಂಯ್ ಎನ್ನುವ ಯಾವ ಯಂತ್ರ ಕಂಡರೂ ನನ್ನ ಭಾಮೈದ ಅದರ ಬೆನ್ನಿಗೆ ಅಂಗೈ ಊರದೆ ಮುಂದೆ ಹೋಗುವವನಲ್ಲ. ನೆಂಟರ ಮನೆಯ ಫ್ರಿಜ್ಜಾಗಲಿ, ಅಂಗಡಿಯ ಜೆರಾಕ್ಸ್ ಯಂತ್ರವಾಗಲಿ, ಜ್ವರ ಬಂದ ಕೂಸನ್ನು ಮುಟ್ಟುವ ಹಾಗೆ ಮುಟ್ಟಿ, ಕತ್ತು ಓರೆ ಮಾಡಿ ಆಲಿಸಿ, 'ಫ್ಯಾನಿಗೆ ಉಸಿರು ಕಟ್ಟಿದೆ' ಎಂದು ಗೊಣಗಿ, ಅರ್ಧ ನಡಿಗೆ ಅರ್ಧ ಓಟದಲ್ಲಿ ಹೊರಟುಬಿಡುವನು. ಅಂಥವನಿಗೆ ಕೂರುವುದೇ ಉದ್ಯೋಗವಾಗಿ ಗಂಟುಬಿತ್ತು.

ಮೊದಲು ಒಂದು ಕಾರ್ಖಾನೆಯ ಕಂಪ್ಯೂಟರುಗಳನ್ನೆಲ್ಲ ಅವನೊಬ್ಬನೇ ವರ್ಷಗಟ್ಟಲೆ ಸಾಕಿದ್ದ. ಕಾರ್ಖಾನೆ ಮುಚ್ಚಿತು. ಆಮೇಲೆ ಹೋದಲ್ಲೆಲ್ಲ 'ಸರ್ಟಿಫಿಕೇಟ್ ಇದೆಯಾ?' ಎಂಬ ಒಂದೇ ರಾಗ. ಯಂತ್ರ ತಯಾರಿಸುವ ಕಂಪನಿಯೇ ನಡೆಸುವ ಪರೀಕ್ಷೆ ಅದು. ಪಾಸಾದರೂ ಸರ್ಟಿಫಿಕೇಟು ಕೆಲವು ವರ್ಷಕ್ಕೆ ಹಳಸುತ್ತದೆ, ಮತ್ತೆ ಪರೀಕ್ಷೆ ಕಟ್ಟಬೇಕು. ಹಟ ಹಿಡಿದು ಓದಿ ಪಾಸಾದ. ಆ ಯಂತ್ರಗಳನ್ನು ಮಾರುವ ಸಂಸ್ಥೆಯೊಂದರಲ್ಲಿ ಇಂಜಿನಿಯರ್ ಕೆಲಸವೂ ಸಿಕ್ಕಿತು.

ಸಂಸ್ಥೆಗೆ ಬೇಕಾಗಿದ್ದದ್ದು ಅವನಲ್ಲ. ಪಾಸಾದವರು ಇಂತಿಷ್ಟು ಜನ ಇದ್ದರೆ ಮಾತ್ರ ಕಂಪನಿ ಕೊಟ್ಟ ಮಾರಾಟದ ಅಧಿಕಾರ ಅವರಿಗೆ ಉಳಿಯುತ್ತಿತ್ತು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಮುಂಗೋಡೆಯ ಮೇಲೆ ಮೆರೆಸಿದರು. ಇವನನ್ನು ಮೂಲೆಯ ಕುರ್ಚಿಯಲ್ಲಿ ಹೊಲದ ಬೆದರುಬೊಂಬೆಯಂತೆ ಕೂರಿಸಿದರು. ಸಂಸ್ಥೆಯ ದೊಡ್ಡ ಕಂಪ್ಯೂಟರುಗಳಿದ್ದ ಗಾಜಿನ ಕೋಣೆಗೆ ಪ್ರವೇಶವಿಲ್ಲ. ಗಾಜಿನಾಚೆ ಮಿನುಗುವ ಹಸಿರು ದೀಪಗಳನ್ನು ನೋಡುತ್ತ ಇವನು ಕಾಲು ಕುಣಿಸುವ ರಭಸಕ್ಕೆ ಪಕ್ಕದ ಮೇಜಿನವಳು ಜಾಗ ಬದಲಾಯಿಸಿಕೊಂಡಳು.

'ಕೂತು ಸಂಬಳ ತಗೊಳ್ಳೋಕೆ ಏನೋ ಧಾಡಿ ನಿಂಗೆ?' ಎಂದು ಅವನ ಅಕ್ಕ, ಅಂದರೆ ನನ್ನಾಕೆ, ರೇಗುವಳು.

'ಸಂಬಳ ಆ ಕಾಗದಕ್ಕೆ ಕಣಕ್ಕಾ. ನಾನು ಅದರ ಜೊತೆ ಬಂದಿರೋ ನೆಂಟ.'

ನನಗೆ ಮೈಯೆಲ್ಲ ಉರಿಯುತ್ತಿತ್ತು. 'ಹೋಗಿ ಬಾಗಿಲು ಒದಿಯೋ!'

'ಅದು ಕಾರ್ಡಿಗೆ ತೆರೆಯೋ ಬಾಗಿಲು ಭಾವ, ಕಾಲಿಗಲ್ಲ.'

ಸರ್ಟಿಫಿಕೇಟಿನ ಅವಧಿ ಮುಗಿಯುತ್ತ ಬಂದಾಗ ಮ್ಯಾನೇಜರ್ ಹಲ್ಲು ಕಿರಿದುಕೊಂಡು ಬಂದರಂತೆ. 'ಬೇಗ ಪರೀಕ್ಷೆ ಕಟ್ಟಿಬಿಡಿ.'

'ಒಳಗೆ ಬಿಡಿ ಸರ್, ಕಟ್ತೀನಿ.'

'ಏನಾದ್ರೂ ಎಡವಟ್ಟಾದ್ರೆ? ನಿಮಗೆ ಇಲ್ಲಿ ಕೆಲಸ ಮಾಡಿದ ಅನುಭವ ಎಲ್ಲಿದೆ?'

'ಹಾಗಾದ್ರೆ ಗೋಡೆಗೇ ಹೇಳಿ, ಅದೇ ಬರೆಯುತ್ತೆ.'

ಕೆಲಸ ಹೋಯಿತೆಂದೇ ನಾವು ತಿಳಿದೆವು. ಆದರೆ ಗರಜು ಅವರದಲ್ಲವೇ? ಗೊಣಗುತ್ತಲೇ ಕಾರ್ಡು ಕೊಟ್ಟರು. ಒಳಹೊಕ್ಕವನು ಹೊರಬರಲೊಲ್ಲ. ಜಡೆಗಟ್ಟಿದ ತಂತಿಗಳ ಸಿಕ್ಕು ಬಿಡಿಸಿದ. ಆಗಾಗ ಕಾರಣವಿಲ್ಲದೆ ಮಲಗಿಬಿಡುತ್ತಿದ್ದ ಯಂತ್ರವೊಂದರ ರೋಗ ಹಿಡಿದ. ಇನ್ನು ಪುಸ್ತಕ ತೆರೆಯಲು ಪುರುಸೊತ್ತೆಲ್ಲಿ? ಪರೀಕ್ಷೆಯಲ್ಲಿ ಫೇಲಾದ.

ಗೋಡೆಯ ಮೇಲಿನ ಸರ್ಟಿಫಿಕೇಟು ಕೆಳಗಿಳಿಯಿತು. ಇಂಜಿನಿಯರ್ ಎಂಬುದನ್ನು ಕಿತ್ತು ಸಹಾಯಕ ಎಂದರು, ಸಂಬಳ ಕತ್ತರಿಸಿದರು. ಕಾರ್ಡನ್ನು ಕಸಿಯಲು ಮಾತ್ರ ಕೋಣೆಯೊಳಗೆ ದುಡಿಯುವವರು ಬಿಡಲಿಲ್ಲ: 'ಇವನನ್ನ ಕಳಿಸಿದ್ರೆ ಯಂತ್ರಗಳನ್ನ ನೀವೇ ಬಂದು ನೋಡ್ಕೊಳ್ಳಿ.' ಮೂಲೆಯ ಕುರ್ಚಿಗೆ ಹೊಸದಾಗಿ ಪಾಸಾದ ಹುಡುಗಿಯೊಬ್ಬಳು ಬಂದಳು.

'ದಿನಾ ಗಾಜಿಗೆ ಮೂಗು ಒತ್ತಿಕೊಂಡು ನಿಂತಿರ್ತಾಳೆ ಭಾವ. ನಾಳೆ ಒಳಗೆ ಕರ್ಕೊಂಡು ಹೋಗ್ತೀನಿ.'

'ಮ್ಯಾನೇಜರ್ ಬೈದ್ರೆ?'

'ಬೈಲಿ. ಇನ್ನು ಕೆಳಗೆ ಇಳಿಸೋಕೆ ನನಗೆ ಹುದ್ದೆ ಎಲ್ಲಿ ಉಳಿದಿದೆ?'

ಕಾಗದವಿಲ್ಲದೆ ಹೊಸ್ತಿಲವರೆಗೂ ಬರಲಾಗದು. ಆ ಮಾತು ಸುಳ್ಳಲ್ಲ. ಹೊಸ್ತಿಲಲ್ಲೇ ಹಾಸಿಗೆ ಹಾಸಿ ಸುಖವಾಗಿ ನಿದ್ರಿಸುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಇವನ ಕುಲದವರಿಗೆ ಮಾತ್ರ ಆ ನಿದ್ರೆ ಹತ್ತುವುದಿಲ್ಲ. ಕೈ ಸುಮ್ಮನಿದ್ದರೆ ತುಂಬಿದ ಹೊಟ್ಟೆಯಲ್ಲೂ ಅವರಿಗೆ ಹಸಿವು. ಹೆಸರು ಕಳಚಿಟ್ಟಾದರೂ ಕೆಲಸದ ಹತ್ತಿರ ಹೋಗುತ್ತಾರೆ, ಹೋಗುವಾಗ ಇನ್ನೊಬ್ಬರ ಕೈಯನ್ನೂ ಹಿಡಿದೆಳೆದುಕೊಂಡು ಹೋಗುತ್ತಾರೆ.