ಅಮೋಘಿ ಕೇಳಲು ಬಂದದ್ದು

ಡಾಕ್ಟರಿ ಪಾಸಾದ ಪ್ರಲ್ಹಾದ ಇಂಟರ್ನ್‌ಶಿಪ್ಪಿಗೆ ಬಬಲೇಶ್ವರವನ್ನೇ ಕೇಳಿ ಪಡೆದನೆಂದು ತಿಳಿದ ದಿನ ತಾಯಿ ಆನಂದೀಬಾಯಿ ಊಟಕ್ಕೇ ಏಳಲಿಲ್ಲ. ಅವನ ಜೊತೆಗಾರರೆಲ್ಲ ಪಟ್ಟಣದಲ್ಲಿ ಉಳಿಯಲು ವಶೀಲಿ ಹಚ್ಚುತ್ತಿದ್ದರು.

“ಬಿಜಾಪುರದಾಗ ಮನಿ ಮುಂದನ ದೊಡ್ಡ ದವಾಖಾನಿ ಇರಲಿಕ್ಕೆ ಆ ಧೂಳಾಗ ಯಾಕ ಹೋಗ್ತೀಯೋ?” ಎಂದು ತಂದೆ ಹಣಮಂತರಾಯರು ಕೇಳಿದರು.

“ಇಲ್ಲಿ ದೊಡ್ಡವರ ಬೆನ್ನ ಹಿಂದ ನಿಂತು ನೋಡೋದಷ್ಟ, ಅಪ್ಪಾ. ಅಲ್ಲಿ ನಾನ ಕೈ ಹಚ್ಚಬಹುದು.”

ಆ ಮಾತೇನೂ ಸುಳ್ಳಾಗಲಿಲ್ಲ. ಬಬಲೇಶ್ವರದಲ್ಲಿ ಜನ ‘ಸಣ್ಣ ಡಾಕ್ಟರು ಅದಾರೇನು?’ ಎಂದು ಕೇಳಿಕೊಂಡು ಬರತೊಡಗಿದರು. ಮಮದಾಪುರದ ಕುರುಬ ಅಮೋಘಿ, ಉಸಿರಾಡಲು ಒದ್ದಾಡುತ್ತಿದ್ದ ಕಿರಿಮಗಳನ್ನು ಕಂಬಳಿಯಲ್ಲಿ ಸುತ್ತಿ ಹೊತ್ತು ತಂದಿದ್ದ. ಪುಪ್ಪುಸಕ್ಕೆ ಇಳಿದ ಜ್ವರ. ಪ್ರಲ್ಹಾದ ಸೂಜಿಯ ಮೇಲೆ ಸೂಜಿ ಕೊಟ್ಟು, ಹಾಸಿಗೆಯ ಬಳಿಯೇ ಕುಳಿತು ಆ ಕೂಸನ್ನು ಉಳಿಸಿಕೊಂಡ. ಅಂದಿನಿಂದ ಅಮೋಘಿ ಸಂತೆಗೆ ಬಂದಾಗಲೆಲ್ಲ ದವಾಖಾನೆಯ ಕಟ್ಟೆಯ ಮೇಲೆ ಕುಳಿತು, ಕುರಿ, ಮಳೆ ಎಂದು ಮಾತಾಡಿಯೇ ಹೋಗುತ್ತಿದ್ದ.

ಅದು ತುರ್ತುಪರಿಸ್ಥಿತಿಯ ಕಾಲ. ಮಕ್ಕಳಾಗದ ಆಪರೇಶನ್ನಿಗೆ ಗಂಡಸರನ್ನು ಕೂಡಿಸಿರೆಂದು ಮೇಲಿನಿಂದ ಹುಕುಮು ಬಂತು. ಜೀಪಿನ ಸಪ್ಪಳ ಕೇಳಿದರೆ ಸಾಕು, ಊರ ಗಂಡಸರು ಜೋಳದ ಹೊಲ ಹೊಕ್ಕು ಅಡಗುತ್ತಿದ್ದರು. ಹಿಡಿದು ತರುವುದನ್ನು ನೋಡಿ ಪ್ರಲ್ಹಾದನಿಗೆ ಹೇಸಿಕೆಯಾಯಿತು. ತಿಳಿಸಿ ಹೇಳಿದರೆ ತಾವಾಗಿಯೇ ಬರುತ್ತಾರೆ ಎಂದು ವಾದಿಸಿದ.

“ಹಂಗಾದ್ರ ನೀನ ಒಬ್ಬನ್ನ ತಂದು ತೋರಸು” ಎಂದು ಶಿಬಿರದ ಅಧಿಕಾರಿ ನಕ್ಕ.

ಪ್ರಲ್ಹಾದ ನೆಟ್ಟಗೆ ಅಮೋಘಿಯ ಬಳಿಗೆ ಹೋದ. ನೋವಿಲ್ಲ, ಮೈಯ ಕಸುವು ಕುಂದುವುದಿಲ್ಲ ಎಂದು ಹೇಳಿದ. ಎರಡು ಹೆಣ್ಣು ಒಂದು ಗಂಡು ಇವೆ, ರಕ್ತವಿಲ್ಲದ ಹೆಂಡತಿ ರಾಚವ್ವನಿಗೆ ಇನ್ನೊಂದು ಹೆರಿಗೆ ತಡೆಯಲಿಕ್ಕಿಲ್ಲ ಎಂದ. ಹೇಳಿದ್ದೆಲ್ಲ ಖರೆಯೇ. ಇರುವ ಮಕ್ಕಳಿಗೆ ಏನಾದರೂ ಆದರೆ ಮತ್ತೆ ಹುಟ್ಟುವುದಿಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅದೊಂದನ್ನು ನುಂಗಿಕೊಂಡ.

“ನೀವು ಹೇಳಿದಮ್ಯಾಗ ಮುಗೀತಲ್ರಿ ಸಾಹೇಬ್ರ” ಎಂದು ಅಮೋಘಿ ರುಮಾಲು ಸುತ್ತಿಕೊಂಡು ಅವನ ಹಿಂದೆಯೇ ಹೊರಟ. ಶಿಬಿರದಲ್ಲಿ ತಾನಾಗಿ ಬಂದವನೆಂದರೆ ಅವನೊಬ್ಬನೇ.

ಮುಂದಿನ ಚಳಿಗಾಲದಲ್ಲಿ ಅವನ ಮಗ ಯಲಗೂರಪ್ಪನಿಗೆ ಗಂಟಲಮಾರಿ ಬಂತು. ಅಮೋಘಿ ಕುರಿ ಹೊಡೆದುಕೊಂಡು ದೂರ ಹೋಗಿದ್ದ. ನೆಗಡಿಯೆಂದುಕೊಂಡು ಅರಿಶಿಣದ ಹಾಲು ಕುಡಿಸುತ್ತ ಕುಳಿತ ರಾಚವ್ವ ಮಗನನ್ನು ಬಬಲೇಶ್ವರಕ್ಕೆ ತರುವಷ್ಟರಲ್ಲಿ ಅವನ ಗಂಟಲು ಕಟ್ಟಿತ್ತು. ಪ್ರಲ್ಹಾದ ತಾನೇ ಜೀಪಿನಲ್ಲಿ ಕೂಡಿಸಿಕೊಂಡು ಬಿಜಾಪುರಕ್ಕೆ ಹೊರಟ. ಊರು ಕಣ್ಣಿಗೆ ಬೀಳುವ ಮೊದಲೇ ಹುಡುಗ ತಾಯಿಯ ತೊಡೆಯ ಮೇಲೆ ತಣ್ಣಗಾದ.

ಮಣ್ಣು ದಿನಕರ್ಮ ಮುಗಿದ ಮೇಲೆ ಅಮೋಘಿ ಬಂದ. ಈ ಸಲ ಕಟ್ಟೆಯ ಮೇಲೆ ಕೂಡಲಿಲ್ಲ.

“ಸಾಹೇಬ್ರ, ಒಂದ ಮಾತು ಕೇಳಾಕ ಬಂದೀನಿ. ಅವತ್ತ ಶಿಬಿರದಾಗ ಹೊಲಿದದ್ದು ಬಿಚ್ಚಾಕ ಬರತೈತೇನ್ರಿ?”

ಪ್ರಲ್ಹಾದ ಕುರ್ಚಿ ಬಿಟ್ಟು ಎದ್ದ.

“ಮಂದಿ ಬರೂದಿಲ್ಲ ಅಂತಾರ. ಅವ್ರಿಗೇನ್ ತಿಳಿತೈತಿ, ನಮ್ಮ ಡಾಕ್ಟರಿಗೆ ಕೇಳತೇನಿ ಅಂತ ಬಂದೀನಿ.”

ಮರುದಿನವೇ ಪ್ರಲ್ಹಾದ ಅವನನ್ನು ಬಸ್ಸಿನಲ್ಲಿ ಬಿಜಾಪುರಕ್ಕೆ ಕರೆದೊಯ್ದು, ಸೊಲ್ಲಾಪುರ ರಸ್ತೆಯಲ್ಲಿದ್ದ ಹಿರಿಯ ಸರ್ಜನ್ ಒಬ್ಬರಿಗೆ ತೋರಿಸಿದ. ಮುಂಬಯಿಯಲ್ಲಿ ಯಾರೋ ಪ್ರಯತ್ನ ಮಾಡುತ್ತಾರಂತೆ, ಆದರೆ ಫಲ ಸಿಕ್ಕೀತೆಂದು ಹೇಳಲಾಗದು ಎಂದರು ಅವರು. ಅಮೋಘಿ ಕೈಮುಗಿದು ಹೊರಗೆ ಬಂದ.

“ಮುಂಬೈ ಬ್ಯಾಡ್ರಿ. ಕುರಿ ಯಾರ ಕಾಯ್ತಾರ?” ಎಂದಷ್ಟೇ ಅಂದ.

ಪ್ರಲ್ಹಾದ ಅವನೊಡನೆ ಮಮದಾಪುರದವರೆಗೂ ಹೋದ. ರಾಚವ್ವ ಬಾಗಿಲಲ್ಲೇ ನಿಂತಿದ್ದಳು.

“ನಿಮ್ಮನ್ನ ಬೈಯಾಕ ಬಾಯಿ ಬರವಲ್ದು, ಯಪ್ಪಾ. ಒಂದು ಕೂಸು ಉಳಿಸಿ ಕೊಟ್ಟೀರಿ. ಆದ್ರ ಇನ್ನ ನಮ್ಮ ಮನಿಗೆ ಬರಬ್ಯಾಡ್ರಿ. ನಿಮ್ಮ ಮಾರಿ ನೋಡಿದ್ರ ನನ್ನ ಹೊಟ್ಯಾಗ ಬೆಂಕಿ ಬೀಳತೈತಿ.”

ಅವನು ಅಂಗಳದಿಂದಲೇ ತಿರುಗಿದ.

ಬಬಲೇಶ್ವರದಲ್ಲಿ ಆ ಕಟ್ಟೆಯನ್ನು ನೋಡುತ್ತ ಕುಳಿತಿರಲು ಆಗದೆ ಟಿಕೋಟಾಕ್ಕೆ ವರ್ಗ ಮಾಡಿಸಿಕೊಂಡ. ಅಲ್ಲಿಯೂ ಶಿಬಿರ ಬಂತು. ಜನರ ಮನವೊಲಿಸಲು ನಾನು ಹೋಗುವುದಿಲ್ಲ ಎಂದುಬಿಟ್ಟ. ಕೆಲಸ ತೃಪ್ತಿಕರವಲ್ಲ ಎಂದು ಮೇಲಿನವರು ಬರೆದರು. ಇಂಟರ್ನ್‌ಶಿಪ್ಪಿನ ಪ್ರಮಾಣಪತ್ರ ನಿಂತಿತು.

ಬೇಸಗೆಯಲ್ಲಿ ಹಣಮಂತರಾಯರು ಟಿಕೋಟಾದ ದವಾಖಾನೆಗೆ ಬಂದರು. ಮಗ ಅರ್ಧ ಇಳಿದುಹೋಗಿದ್ದ.

“ಸಾಹೇಬ್ರ ಕಾಲು ಹಿಡಿಯೂಣು, ಪ್ರಲ್ಹಾದಾ. ತಪ್ಪಾತು ಅಂದ್ರ ಮುಗೀತದ. ನಡಿ, ಮನಿಗೆ ಹೋಗೂಣು.”

“ತಪ್ಪಾಗ್ಯದ ಅಪ್ಪಾ. ಆದ್ರ ಅವರಿಗಲ್ಲ.”

ತಂದೆಗೆ ಅರ್ಥವಾಗಲಿಲ್ಲ. ಒಳಗೆ ಯಾರದೋ ಕೂಸು ಅಳತೊಡಗಿತು. ಪ್ರಲ್ಹಾದ ಎದ್ದು ಹೋದ. ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಹಣಮಂತರಾಯರು ಚೀಲ ಹಿಡಿದು ಬಿಸಿಲಲ್ಲೇ ಬಸ್ಸಿಗೆ ನಡೆದರು.