ಹಂಪಯ್ಯ ಮಾಸ್ತರರ ಹಳದಿ ಬಟ್ಟೆ

ಹೈದರಾಬಾದಿನ ಬಿಸಿಲಿಗೆ ಡಾಂಬರು ಮೆತ್ತಗಾಗುವ ಕಾಲದಲ್ಲೂ ಹಂಪಯ್ಯ ಮಾಸ್ತರರು ಕಂದು ಕೋಟು ಬಿಡುವವರಲ್ಲ. ಎಡಗಾಲನ್ನು ತುಸು ಎಳೆಯುತ್ತ ಬರುವ ಅವರ ಚಪ್ಪಲಿ ಸದ್ದು ಕೇಳಿದರೆ ಸಾಕು, ಸನತ್‌ನಗರದ ಆ ಕನ್ನಡ ಶಾಲೆಯ ಒಂಬತ್ತನೆಯ ತರಗತಿ ತಾನಾಗಿಯೇ ತಣ್ಣಗಾಗುತ್ತದೆ. ಮಾತು ಮಾತಿಗೂ "ತಿಳೀತಿಲ್ಲೊ?" ಎನ್ನುವುದು ಅವರ ಚಾಳಿ. ಮಕ್ಕಳಿಗಿರಲಿ, ತರಕಾರಿಯವನಿಗೂ ಹೆಂಡತಿ ಶಾರದಾಬಾಯಿಗೂ ಈ ಪ್ರಶ್ನೆ ತಪ್ಪಿದ್ದಲ್ಲ.

ಇತಿಹಾಸ ಬಾಯಿಪಾಠವಾಗಬಾರದು, ಅನುಭವಕ್ಕೆ ಬರಬೇಕು ಎಂಬ ಹಟ ಅವರದು. ಜರ್ಮನಿಯ ಸರ್ಕಾರವೊಂದು ರಕ್ತದಲ್ಲಿ ಮೇಲುಕೀಳಿದೆಯೆಂಬ ಸುಳ್ಳನ್ನು ಕಾನೂನಾಗಿಸಿ, ಯಹೂದಿಯರ ಕೆಲಸ, ಶಾಲೆ, ಮನೆಗಳನ್ನು ಕಸಿದುಕೊಂಡು, ಎದೆಯ ಮೇಲೆ ಹಳದಿ ನಕ್ಷತ್ರ ಹೊಲಿಸಿ, ಕೊನೆಗೆ ಲಕ್ಷ ಲಕ್ಷ ಜನರನ್ನು ಕೊಂದ ಪಾಠ ಹೋದ ವರ್ಷ ಬಂದಾಗ, ಶಾರದಾಬಾಯಿಯವರ ಹಳೆಯ ಸೀರೆಯಿಂದ ಎಂಟು ಹಳದಿ ತುಂಡುಗಳನ್ನು ತಾವೇ ಕತ್ತರಿಸಿ ತಂದರು. ಚೀಟಿ ಎತ್ತಿಸಿ ಎಂಟು ಮಕ್ಕಳಿಗೆ ಪಿನ್ನು ಹಾಕಿದರು. ಒಂದು ತಾಸು ಅವರು ಹಿಂದಿನ ಬೆಂಚಿನಲ್ಲಿ ಕೂರಬೇಕು, ಯಾರೂ ಅವರೊಂದಿಗೆ ಮಾತಾಡಕೂಡದು. ಕೆಲವರ ಕಣ್ಣು ತುಂಬಿ ಬಂತು. ಪಾಠ ಗೆದ್ದಿತೆಂದು ಮಾಸ್ತರರು ಆ ಸಂಜೆ ಒಂದು ಲೋಟ ಚಹಾ ಹೆಚ್ಚೇ ಕುಡಿದರು.

ಗಂಟೆ ಬಾರಿಸಿದೊಡನೆ ಏಳು ಮಕ್ಕಳ ಬಟ್ಟೆ ಕಳಚಿತ್ತು. ಎಂಟನೆಯವಳು ಶಿವಗಂಗಾ, ಮಸ್ಕಿ ಕಡೆಯಿಂದ ಬಂದು ಬಾಲಾನಗರದಲ್ಲಿ ಕಟ್ಟಡ ಕೆಲಸ ಮಾಡುತ್ತ ತಗಡಿನ ಶೆಡ್ಡಿನಲ್ಲಿರುವವರ ಮಗಳು. ನಿನಗಿದು ಒಪ್ಪುತ್ತದೆ, ತೆಗೆಯಬೇಡ ಎಂದರು ಜೊತೆಯವರು. ಮರುದಿನ ಊಟಕ್ಕೂ ಅವಳನ್ನು ದೂರ ಕೂರಿಸಿದರು. ಮೂರನೆಯ ದಿನ ಹುಡುಗಿ ಬರಲಿಲ್ಲ. ಸಹಪಾಠಿ ದೀಪ್ತಿ ಅಳುತ್ತ ಮಾಸ್ತರರ ಮುಂದೆ ಎಲ್ಲವನ್ನೂ ಒಪ್ಪಿಕೊಂಡಳು. ಶೆಡ್ಡಿನ ಮಕ್ಕಳು ಒಂದು ವಾರ ಶಾಲೆ ತಪ್ಪಿಸಿದರೆ ಇಟ್ಟಿಗೆ ಹೊರಲು ನಿಲ್ಲುತ್ತಾರೆಂಬುದು ಅವರಿಗೆ ಗೊತ್ತಿತ್ತು.

ಅದೇ ಸಂಜೆ ಕಾಲೆಳೆಯುತ್ತ ಬಾಲಾನಗರಕ್ಕೆ ಹೋಗಿ, ಕೋಟಿನ ಸಮೇತ ಮರಳಿನ ರಾಶಿಯ ಮೇಲೆ ಕುಳಿತರು. ಮಗಳನ್ನು ಕಳಿಸಿರೆಂದು ಬೇಡಿಕೊಂಡರು. ತಾಯಿ ಗದಿಗೆಮ್ಮ, ಅವಳ ಮನಸ್ಸು ಅವಳದು, ಅವಳನ್ನೇ ಕೇಳಿರಿ ಎಂದಳು. ಶಿವಗಂಗಾ ಒಳಗಿನಿಂದ ಆ ಹಳದಿ ತುಂಡನ್ನು ತಂದಳು. ಒಗೆದು, ಮಡಿಸಿ ಇಟ್ಟಿದ್ದಳು.

"ಸರ, ಜರ್ಮನಿಯೊಳಗ ಈ ಬಟ್ಟಿ ಕತ್ತರಿಸಿದವ್ರು ಯಾರ್ರಿ? ಅವ್ರೂ ನಿಮ್ಮಂಗ ಒಳ್ಳೆಯವ್ರು ಇದ್ರೇನು?"

ಮಾಸ್ತರರು ಆ ತುಂಡನ್ನು ಕೈಗೆ ತೆಗೆದುಕೊಂಡರು. ಬಾಯಿಗೆ ಬಂದದ್ದು ಅದೇ ಹಳೆಯ ಮಾತು, ಆದರೆ ಈ ಸಲ ಅದು ತಮ್ಮತ್ತಲೇ ತಿರುಗಿತ್ತು.

"ನನಗ ತಿಳೀಲಿಲ್ಲವ್ವ. ಕತ್ತರಿಸಿದಾಂವ ನಾನ. ನಾಳೆ ಎಲ್ಲಾರ ಮುಂದ ಹೇಳ್ತೀನಿ, ನೀ ಬಾ."

ಅವಳು ಬಂದಳು. ಅವರು ಹೇಳಿದರು. ಜೊತೆಯವರು ತಲೆ ತಗ್ಗಿಸಿದರು. ದೀಪ್ತಿ ಬುತ್ತಿ ಎತ್ತಿಕೊಂಡು ಬಂದು ಅವಳ ಪಕ್ಕದಲ್ಲಿ ಕುಳಿತಳು.

ಈ ವರ್ಷ ಆ ಪಾಠದ ದಿನ ಹಿಂದಿನ ಬೆಂಚಿನಲ್ಲಿ ಮಾಸ್ತರರೊಬ್ಬರೇ ಕುಳಿತರು, ತಮ್ಮ ಕೋಟಿನ ಮೇಲೆ ಹಳದಿ ತುಂಡು ಧರಿಸಿ. ಹಲಗೆಯ ಮೇಲೆ ಶಿವಗಂಗಾಳ ಪ್ರಶ್ನೆಯನ್ನು ಬರೆದಿದ್ದರು. ಹತ್ತನೆಯ ತರಗತಿಯಿಂದ ಬಂದು ಪಿನ್ನು ಹಾಕಿದವಳು ಅವಳೇ, ಹಾಕುವಾಗ ಮೆಲ್ಲಗೆ ಕೇಳಿದಳಂತೆ, "ಚುಚ್ಚಲಿಲ್ಲಲ್ರಿ, ಸರ?"

ಕ್ರೂರಿಗಳಿಂದಷ್ಟೇ ಕ್ರೌರ್ಯ ನಡೆಯುವುದಿಲ್ಲ. ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿ, ಮನೆಗೆ ಹೋಗಿ ನೆಮ್ಮದಿಯಿಂದ ಚಹಾ ಕುಡಿಯುವ ಸಜ್ಜನರೂ ಅದಕ್ಕೆ ಬೇಕಾಗುತ್ತಾರೆ. ಆ ಸಜ್ಜನರ ಸಾಲಿನಿಂದ ಎದ್ದು ಬಂದು, ಮಗುವೊಂದರ ಎದುರು ಕತ್ತರಿ ನನ್ನ ಕೈಯಲ್ಲೇ ಇತ್ತು ಎನ್ನಬಲ್ಲವರು ಊರಿಗೊಬ್ಬರಾದರೂ ಇರಲಿ.