ಮೂರು ಸಲ ಬ್ಯಾಡ ಅನ್ನುವ ಮಾಳಸಿದ್ದ

ಕರೋಶಿಯ ಮಾಳಸಿದ್ದ ಯಾವುದನ್ನು ಬೇಡವೆಂದರೂ ಮೂರು ಸಲ ಅನ್ನುತ್ತಾನೆ. ಚಹಾ ಕೊಟ್ಟರೆ "ಬ್ಯಾಡ್ರಿ, ಬ್ಯಾಡ್ರಿ, ಬ್ಯಾಡ್ರಿ". ಬಸ್ಸಿನಲ್ಲಿ ಯಾರಾದರೂ ಸರಿದು ಜಾಗ ಕೊಟ್ಟರೂ ಅದೇ ಮೂರು, ಒಂದೇ ಉಸಿರಿನಲ್ಲಿ, ಎದುರಿನವರ ಮುಖದಿಂದ ಕಣ್ಣು ತೆಗೆಯದೆ. ಊರಿನವರು ಅಣಕಿಸುತ್ತಾರೆ. ನಾನೂ ಒಮ್ಮೆ ಅಣಕಿಸಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕುರಿ ಕಾಯುವ ಮನೆತನದ ಎತ್ತರದ ಆಳು; ಬಿರುಬಿಸಿಲಲ್ಲೂ ಹೆಗಲ ಮೇಲೆ ಕಂಬಳಿ. ದ್ರಾಕ್ಷಿ ತೋಟಗಳಲ್ಲಿ ನೀರು ಕೂಡಿಡಲು ತೋಡಿದ ಹೊಂಡಗಳಿಗೆ ಕರಿಯ ಪ್ಲಾಸ್ಟಿಕ್ ಹಾಳಿ ಹಾಸುತ್ತಾರಲ್ಲ, ಆ ಹಾಳಿಯ ಹಿಂದೆ ಸೇರಿಕೊಂಡ ನೀರನ್ನು ಹೊರತೆಗೆಯುವುದು ಅವನ ಕಸುಬು. ಚಪ್ಪಲಿಯನ್ನು ದೂರದಲ್ಲೇ ಕಳಚಿ, ಏರಿಯ ಮೇಲೆ ಬರಿಗಾಲಲ್ಲಿ, ಮಲಗಿದ ಕೂಸಿನ ಪಕ್ಕ ಹಾಯುವವನ ಹಾಗೆ ನಡೆದು, ಎಲ್ಲೋ ಒಂದು ಕಡೆ ನಿಲ್ಲುತ್ತಾನೆ. ಅಲ್ಲಿ ಮಣ್ಣು ತಣ್ಣಗಿರುತ್ತದೆ. ಅದರ ಹೊರಬದಿಗೆ ಆಳವಾಗಿ ಗುಂಡಿ ತೋಡಿಸಿ, ಪೈಪು ಇಳಿಸಿ, ಎಂಟು ದಿನ ಮೋಟಾರು ಹಚ್ಚಿ ಹಿಂದಿನ ನೀರನ್ನು ಎಳೆಯುತ್ತಾನೆ. ಅಷ್ಟು ದಿನವೂ ಹೊಂಡದ ಒಳಗಿನ ನೀರನ್ನು ಒಂದು ಕೊಡದಷ್ಟೂ ಮುಟ್ಟಗೊಡುವುದಿಲ್ಲ.

ಮೂರು ವರ್ಷದ ಹಿಂದೆ ಮುಟ್ಟಗೊಟ್ಟಿದ್ದ. ಕೊಕಟನೂರಿನ ಹತ್ತಿರ, ವಿರುಪಾಕ್ಷಪ್ಪನವರ ತೋಟದಲ್ಲಿ ಹೊಂಡದ ಒಂದು ಮಗ್ಗುಲಿಗೆ ಹಾಳಿ ಉಬ್ಬಿಕೊಂಡಿತ್ತು. ಹೊಂಡ ಖಾಲಿ ಮಾಡಿ, ತೂತು ಹುಡುಕಿ ಮುಚ್ಚಿ, ಪಕ್ಕದ ಕಾಲುವೆಯ ನೀರು ನಿಲ್ಲುವುದರೊಳಗೆ ಮತ್ತೆ ತುಂಬಿಸಬೇಕೆಂದು ಸಾಹುಕಾರರ ಅವಸರ.

"ಒಳಗಿನ ನೀರ ತಗಿಯೂದ ಬ್ಯಾಡ್ರಿ. ಅದರ ಭಾರಾನ ಏರಿ ಒತ್ತಿ ಹಿಡದೈತಿ," ಎಂದ ಮಾಳಸಿದ್ದ.

"ನಾಕ ದಿನದಾಗ ಕಾಲವಿ ಬಂದ್ ಆಗತೈತೋ. ಮೋಟಾರ ಹಚ್ಚು."

ವರ್ಷ ವರ್ಷವೂ ಅವನ ಕುರಿಗಳು ತಂಗುತ್ತಿದ್ದದ್ದು, ಮೇಯುತ್ತಿದ್ದದ್ದು ಅದೇ ಸಾಹುಕಾರರ ಹೊಲಗಳಲ್ಲಿ. ಅಂಥವರ ಎದುರು ಎರಡನೆಯ ಸಲ ಬೇಡವೆನ್ನುವ ರೂಢಿ ಅವನ ಮನೆತನದಲ್ಲಿ ಯಾರಿಗೂ ಇರಲಿಲ್ಲ. ಮೋಟಾರು ಹಚ್ಚಿದ.

ಮಧ್ಯಾಹ್ನದ ಹೊತ್ತಿಗೆ ಹೊಂಡ ಬರಿದಾಯಿತು. ತೂತು ಹುಡುಕಲು ಅವನ ತಮ್ಮ ಮಾಳೇಶ ಹಗ್ಗ ಹಿಡಿದು ಇಳಿದ. ಹಾಳಿಯ ಹಿಂದಿನ ನೀರಿಗೆ ನೆನೆದು ಮೆತ್ತಗಾಗಿದ್ದ ಏರಿ, ಎದುರಿನಿಂದ ಒತ್ತಿ ಹಿಡಿಯುವ ಭಾರವಿಲ್ಲದೆ, ಹಾಳಿಯ ಸಮೇತ ಕುಸಿದು ಅವನ ಮೇಲೆ ಬಿತ್ತು. ಮಣ್ಣು ಸರಿಸಿ ಹೊರತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ತಮ್ಮನನ್ನು ಮಣ್ಣು ಮಾಡಿ ಬಂದ ಮೇಲೆ ಮಾಳಸಿದ್ದ ಆ ಹಾಳಿಯನ್ನು ಹೊಲದಲ್ಲಿ ಹರಡಿ, ತೊಳೆದು, ಮೂರು ದಿನ ಅಂಗೈಯಿಂದ ಸವರಿ ನೋಡಿದ. ಕುಸಿತಕ್ಕೆ ಹರಿದ ಒಂದು ಅಂಚು ಬಿಟ್ಟರೆ ಸೂಜಿ ಹೋಗುವಷ್ಟೂ ತೂತು ಅದರಲ್ಲಿರಲಿಲ್ಲ. ನೀರು ಹೊರಗಿನಿಂದ, ಕಾಲುವೆಯಿಂದ ಜಿನುಗಿ ಬಂದದ್ದು. ಮಾಳೇಶ ಏನನ್ನು ಹುಡುಕಲು ಇಳಿದಿದ್ದನೋ ಅದು ಇರಲೇ ಇಲ್ಲ.

ವಿರುಪಾಕ್ಷಪ್ಪನವರು ಮನೆಗೆ ಬಂದು ಕೂತು ಅತ್ತರು. ಅದು ನಿಜವಾದ ಅಳುವೇ. ಏಳುವಾಗ ಅಂದರು: "ನೀ ಇನ್ನೊಮ್ಮಿ ಒತ್ತಿ ಹೇಳಬೇಕಾಗಿತ್ತೋ ಮಾಳಸಿದ್ದ. ನಾ ಕೇಳತಿದ್ದೆ."

ಮೋಟಾರು ಹಚ್ಚಿಸಿದ್ದಕ್ಕಿಂತ ಈ ಮಾತಿಗೇ ಅವರ ಮೇಲೆ ನನಗೆ ಸಿಟ್ಟು. ಮಾಳಸಿದ್ದ ಅದನ್ನು ನಂಬಿಬಿಟ್ಟ.

ಹೋದ ತಿಂಗಳು ಅವನ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಹೆಂಡತಿ ಸಾವಿತ್ರೆವ್ವ ಇನ್ನೊಂದು ರೊಟ್ಟಿ ಹಿಡಿದು ಬಂದಳು.

"ಬ್ಯಾಡ, ಬ್ಯಾಡ, ಬ್ಯಾಡ."

"ಒಮ್ಮಿ ಅಂದ್ರ ಕೇಳಸ್ತೈತ್ರಿ ನನಗ," ಎಂದಳು ಆಕೆ, ಮೆಲ್ಲಗೆ.

ಅವನು ತಾಟಿನ ಕಡೆ ನೋಡಿದ. "ಅವತ್ತ ನಾ ಒಮ್ಮಿ ಅಂದಿದ್ನಲ್ಲ," ಎಂದ.

ಲೋಕದಲ್ಲಿ ಇಂಥ ಜನ ಬಹಳ. ತಮಗೆ ಚೆನ್ನಾಗಿ ತಿಳಿದದ್ದನ್ನು ಕೈಕಟ್ಟಿ ನಿಂತು, ಮೆಲ್ಲಗೆ, ಒಂದೇ ಸಲ ಹೇಳುತ್ತಾರೆ. ಕೇಳದೆ ಹೋದವರು ಅತ್ತು, ಮರೆತು, ಬದುಕಿಕೊಳ್ಳುತ್ತಾರೆ. ಹೇಳಿದವರು ಮಾತ್ರ ಉಳಿದ ಎರಡು ಸಲವನ್ನು ಸಾಯುವ ತನಕ ಹೇಳುತ್ತಿರುತ್ತಾರೆ.